ಕರಿಮಡುವಿನ ತಳ

ಮೊಖೊತ್ಲೋಂಗ್ ಪೇಟೆ
ಜುಲೈ ೧೨, ಶನಿವಾರ

ಪ್ರೀತಿಯ ಅವ್ವನಿಗೆ,

ಮನೆಗೆ ಶಾಂತಿ, ಹೊಲಕ್ಕೆ ಮಳೆ, ನಿನ್ನ ಎದೆಗೆ ಬೆಚ್ಚನೆಯ ಗಾಳಿ. ನಿನ್ನ ಮಗಳು ಮೊಸೆಲಾಂಚ ಚೆನ್ನಾಗಿದ್ದಾಳೆ. ಮೂಗಿನ ತುದಿ ಜುಲೈನ ಚಳಿಗೆ ಒಡೆದು ಸಿಪ್ಪೆ ಏಳುತ್ತಿರುವುದು ಬಿಟ್ಟರೆ ಏನೂ ಆಗಿಲ್ಲ. ಬೆಟ್ಟದಿಂದ ಇಳಿದವಳು ನಿನ್ನ ಬಾಗಿಲಿಗೆ ಬಾರದೆ, ಆಚೆ ಬದಿಯ ದಾರಿ ಹಿಡಿದು ನೇರವಾಗಿ ಪೇಟೆಗೆ ಹೋದಳಲ್ಲ ಎಂದು ನೀನು ಕೋಪ ಮಾಡಿಕೊಂಡಿರುತ್ತೀಯ. ಕುದುರೆಯ ಕಾಲು ನೊಂದಿತ್ತು, ಆಚೆಯ ಇಳಿಜಾರು ಸುಲಭ, ಅಷ್ಟೇ ಕಾರಣ. ಬಸ್ಸಿನ ಡ್ರೈವರನ ಕೈಯಲ್ಲಿ ಈ ಪತ್ರ, ಒಂದು ಫೋಟೋ, ಒಂದು ಪೊಟ್ಟಣ ಸಕ್ಕರೆ, ನಿನ್ನ ಕೆಮ್ಮಿಗೆ ಮದ್ದು ಕಳಿಸುತ್ತಿದ್ದೇನೆ. ದಾರಿಯಲ್ಲಿ ಅವನು ಪೊಟ್ಟಣಕ್ಕೆ ಬೆರಳು ಹಾಕದಿದ್ದರೆ ಸಕ್ಕರೆ ಪೂರ್ತಿ ಬಂದು ಸೇರುತ್ತದೆ.

ಇದನ್ನು ಓದಿ ಹೇಳುತ್ತಿರುವ ನಿನ್ನ ಸೊಸೆ ಮಾಮೊಯೆತಿಗೂ ನನ್ನ ಪ್ರೀತಿ. ತಂಗಿ, ನನ್ನ ಅಕ್ಷರ ಮೇಕೆ ಹಿಂಡು ತುಳಿದು ಹೋದ ಹಾಗಿರುತ್ತದೆ, ನಿಧಾನವಾಗಿ ಓದು. ಚಿಕ್ಕಪ್ಪ ಬಂದು ಕುಳಿತ ಮೇಲೆಯೇ ಓದು.

ಅವ್ವ, ಚಿಕ್ಕಪ್ಪ ಕೆಳಗಿನ ಸೀಮೆಯಲ್ಲಿ ಕೆಲಸದಲ್ಲಿದ್ದಾಗ ಇದೆಲ್ಲ ನಡೆದದ್ದು. ಯಾರೂ ತಮಗೆ ಮೊದಲಿನಿಂದ ಹೇಳಲಿಲ್ಲ, ಹರಿದ ಕಂಬಳಿಯ ಚೂರುಗಳ ಹಾಗೆ ಅಲ್ಲೊಂದು ಇಲ್ಲೊಂದು ಕಿವಿಗೆ ಬಿತ್ತು ಎಂದು ಅವರಿಗೆ ಬೇಸರವಿದೆ. ಮನೆಗೆ ಹಿರಿಯರು ಅವರು. ಈ ವಿಷಯದಲ್ಲಿ ಕೊನೆಯ ಮಾತು ಹೇಳಬೇಕಾದವರೂ ಅವರೇ. ಆದ್ದರಿಂದ ಅವರಿಗೋಸ್ಕರ ಮೊದಲಿನಿಂದ ಹೇಳುತ್ತೇನೆ. ಹಗಲು ಹೊತ್ತು ಕಥೆ ಹೇಳಿದರೆ ತಲೆಗೆ ಕೊಂಬು ಮೂಡುತ್ತದೆ ಎಂದು ನೀನು ನಮ್ಮನ್ನು ಹೆದರಿಸುತ್ತಿದ್ದೆ. ನಾನು ಬರೆಯುತ್ತಿರುವುದು ಹಗಲಿನಲ್ಲೇ. ಮೂಡಿದರೆ ಟೋಪಿ ಹಾಕಿಕೊಳ್ಳುತ್ತೇನೆ.

ಒಂದು ಬೆಟ್ಟದ ಹಿಂದೆ ಒಬ್ಬ ತಾಯಿ ಇದ್ದಳು. ಅವಳ ಮೊದಲ ಇಬ್ಬರು ಮಕ್ಕಳು ಬೆನ್ನ ಮೇಲಿದ್ದಾಗಲೇ ತೀರಿಹೋದರು. ಮೂರನೆಯದು ಹೆಣ್ಣು. ಸಾವು ಇದರ ಮೇಲೂ ಕಣ್ಣು ಹಾಕದಿರಲಿ, ಇದನ್ನು ನೋಡಿ ಮೂಗು ಮುರಿದು ಮುಂದೆ ಹೋಗಲಿ ಎಂದು ಅದಕ್ಕೆ 'ನಾಯಿಯ ಬಾಲ' ಎಂದು ಹೆಸರಿಟ್ಟಳು. ಆ ಬಾಲವೇ ನಾನು. ನಾಲ್ಕನೆಯದು ಗಂಡು. ಅಷ್ಟು ಹೊತ್ತಿಗೆ ತಾಯಿಗೆ ಧೈರ್ಯ ಬಂದಿತ್ತು, ಒಳ್ಳೆಯ ಹೆಸರನ್ನೇ ಇಟ್ಟಳು: ಸೆಯಬಾತ. ಅವನಿಗೂ ಒಂದು ಕೆಟ್ಟ ಹೆಸರು ಇಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರು ಊರಿನಲ್ಲಿ ಈಗಲೂ ಇದ್ದಾರೆ.

ಹೋದ ಚಳಿಗಾಲಕ್ಕೂ ಹಿಂದಿನ ಮಳೆಗಾಲದಲ್ಲಿ ಸೆಯಬಾತ ದನಗಳನ್ನು ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದ. ಅಲ್ಲಿ ಕಲ್ಲಿನ ಗುಡಿಸಲಿನಲ್ಲಿ ಪಕ್ಕದ ಊರಿನವರೂ ಇದ್ದರು. ಒಂದು ಮಧ್ಯಾಹ್ನ ನಮ್ಮ ಕಂದು ಹೆಣ್ಣುಕುದುರೆ ಕಾಣಲಿಲ್ಲವೆಂದು ತನ್ನ ಜೋಳದ ತೆನೆಯ ಚಿತ್ತಾರದ ಕಂಬಳಿ ಹೊದ್ದು ಹುಡುಕುತ್ತಾ ಹೊರಟ. ಗುಡುಗು ಬಂತು, ಆಲಿಕಲ್ಲು ಬಿತ್ತು. ಕುದುರೆ ತಾನಾಗಿ ಬಂತು, ಅವನು ಬರಲಿಲ್ಲ. ಮರುದಿನ ಹುಡುಕಿದವರಿಗೆ ತೊರೆಯ ಕರಿಮಡುವಿನ ದಡದ ಚಪ್ಪಟೆ ಬಂಡೆಯ ಮೇಲೆ ಅವನ ಟೋಪಿ ಸಿಕ್ಕಿತು, ಅದರ ಪಕ್ಕದಲ್ಲಿ ಕೋಲು. ಟೋಪಿ ಗಾಳಿಗೆ ಹಾರದಿರಲೆಂದು ಅದರ ಮೇಲೆ ಒಂದು ಕಲ್ಲನ್ನೂ ಇಟ್ಟಿತ್ತು. ಜಾರಿದ ಗುರುತಿಲ್ಲ, ಒದ್ದಾಡಿದ ಗುರುತಿಲ್ಲ. ತೊರೆಯ ನೀರು ಬಗ್ಗಡದಂತೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಒಳಗೆ ಇಳಿಸಿದ ಕೋಲಿನ ಮೊದಲ ಗೇಣು ಕೂಡ ಕಾಣುತ್ತಿರಲಿಲ್ಲ.

ಬಿದ್ದವನು ಟೋಪಿಯನ್ನು ಜೋಪಾನವಾಗಿ ತೆಗೆದಿಟ್ಟು ಬೀಳುತ್ತಾನೆಯೇ ಎಂದರು ಜನ. ಮಡುವಿನೊಳಗಿನ ದೊಡ್ಡ ಹಾವು ಅವನನ್ನು ಕರೆದಿದೆ ಎಂದರು. ಅದು ಕರೆದವರನ್ನು ಕೆಳಗೆ ಕೂರಿಸಿಕೊಂಡು ಬೇರು ನಾರುಗಳ ವಿದ್ಯೆ ಕಲಿಸುತ್ತದೆ, ಕಲಿತ ಮೇಲೆ ಮೈಗೆ ಬಿಳಿ ಮಣ್ಣು ಬಳಿದು ಮೇಲಕ್ಕೆ ಕಳಿಸುತ್ತದೆ, ಬಂದವನು ದೊಡ್ಡ ವೈದ್ಯನಾಗುತ್ತಾನೆ. ಆದರೆ ಮನೆಯಲ್ಲಿ ಯಾರೂ ಅಳಬಾರದು. ಒಂದು ಹನಿ ಕಣ್ಣೀರು ಬಿದ್ದರೆ, 'ನಿನ್ನವರು ನಿನ್ನನ್ನು ಕಳೆದುಕೊಂಡಾಯಿತು' ಎಂದು ಹಾವು ಅವನಿಗೆ ಹೇಳಿ ಅವನ ಉಸಿರು ನಿಲ್ಲಿಸಿಬಿಡುತ್ತದೆ. ನಾವು ಮಕ್ಕಳಾಗಿದ್ದಾಗ ಇದನ್ನು ಕಥೆಯಾಗಿ ಕೇಳಿದ್ದೆವು. ಈಗ ಅದು ನಮ್ಮ ಮನೆಯ ಕಾನೂನಾಯಿತು.

ಚಿಕ್ಕಪ್ಪ, ನೀವು ಬಂದ ದಿನ ಸಾರಿಗೆ ಈರುಳ್ಳಿ ಯಾಕೆ ಹಾಕಿಲ್ಲ ಎಂದು ಕೇಳಿದಿರಿ. ಈರುಳ್ಳಿ ಹೆಚ್ಚುವುದನ್ನು ಅವ್ವ ಬಿಟ್ಟು ವರ್ಷದ ಮೇಲಾಯಿತು. ಸಗಣಿ ಬೆರಣಿಯ ಹೊಗೆಗೆ ಕಣ್ಣಲ್ಲಿ ನೀರು ಬಂದೀತೆಂದು ಒಲೆಯನ್ನು ಅಂಗಳಕ್ಕೆ ಸಾಗಿಸಿದಳು; ಈ ಚಳಿಯಲ್ಲಿ, ಹಿಮ ಬೀಳುವಾಗಲೂ, ಅಂಗಳದಲ್ಲಿ ಕೂತು ಮುದ್ದೆ ತಿರುವುತ್ತಾಳೆ. ಅವಳ ಕೆಮ್ಮು ಬಂದದ್ದು ಅಲ್ಲಿಂದಲೇ. ಊರಿನಲ್ಲಿ ಯಾರ ಮಣ್ಣಿಗೂ ಹೋಗುವುದಿಲ್ಲ, ಚರ್ಚಿನಲ್ಲಿ ಹಾಡಿಗೆ ಬಾಯಿ ತೆರೆಯುವುದಿಲ್ಲ. ತಮ್ಮ ಹೋದ ಮೇಲೆ ಅವನ ಮಗ ಹುಟ್ಟಿದ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗುವಿಗೆ 'ಸಮಾಧಾನ' ಎಂದು ಹೆಸರಿಡುವುದು ನಮ್ಮಲ್ಲಿ ರೂಢಿ. ಹಿರಿಯ ಹೆಂಗಸರು ಅದನ್ನೇ ಸೂಚಿಸಿದರು. ಅವ್ವ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳಂತೆ: "ಸಮಾಧಾನ ಮಾಡ್ಕೊಳ್ಳೋಕೆ ಇಲ್ಲಿ ಏನಾಗಿದೆ? ಅವನಪ್ಪ ಪ್ರಯಾಣ ಹೋಗಿದಾನೆ." ಹಾಗೆ ಮಗು 'ಮೊಯೆತಿ' ಆಯಿತು, ಪ್ರಯಾಣಿಕ. ಅದರ ತಾಯಿ ಮಾಮೊಯೆತಿಯಾದಳು.

ಇನ್ನೊಂದು ವಿಷಯವನ್ನೂ ಬರೆಯುತ್ತೇನೆ. ತಂಗಿ, ಇದು ನಿನ್ನದೇ ವಿಷಯ ಎಂದು ನಾಚಿ ಹಾರಿಸಬೇಡ, ಗಟ್ಟಿಯಾಗಿ ಓದು. ಈ ವರ್ಷ ಕೊಯ್ಲಿನ ಹೊತ್ತಿಗೆ ಮಾಮೊಯೆತಿಯ ಅಪ್ಪ ತೀರಿಕೊಂಡರು. ಕರೆಯಲು ಅವಳ ಅಣ್ಣ ಕುದುರೆ ಏರಿ ಬಂದಿದ್ದ. ಅವ್ವ, ನೀನು ಕಳಿಸಲಿಲ್ಲ. ನಾನು ಆ ದಿನ ಮನೆಯಲ್ಲಿದ್ದೆ. ನೀನು ಗದರಿಸಲಿಲ್ಲ, ಅವಳ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದೆ: "ನೀನು ನಿಮ್ಮಪ್ಪಂಗೇ ಅಳ್ತೀಯ ಮಗಳೆ, ನಂಗೊತ್ತು. ಆದ್ರೆ ಯಾರಿಗೆ ಅಳ್ತಿದೀಯ ಅಂತ ನೀರಿಗೆ ಹೆಂಗೆ ಗೊತ್ತಾಗ್ಬೇಕು?" ಅವಳ ಅಣ್ಣ ಒಬ್ಬನೇ ಹಿಂತಿರುಗಿದ. ಅವಳು ಗುದ್ದಲಿ ಹಿಡಿದು ದೊಡ್ಡಿಗೆ ಇಳಿದವಳು ಗಟ್ಟಿಯಾದ ಸಗಣಿಯನ್ನೆಲ್ಲ ಕತ್ತರಿಸಿ ಕತ್ತರಿಸಿ ಗೋಡೆಯ ಎತ್ತರಕ್ಕೆ ಅಟ್ಟಿ ಕಟ್ಟಿದಳು. ಸಂಜೆ ನಾನು ನೀರು ಕೊಡಲು ಹೋದರೆ ಅವಳ ಕಣ್ಣು ಒಣಗಿತ್ತು. ಅದನ್ನು ನೋಡಿ ನನಗೆ ಭಯವಾಯಿತು.

ಮದ್ದಿನ ಅಜ್ಜಿಯ ಹತ್ತಿರ ಹೋದದ್ದು ಆಮೇಲೆ. ಅವಳು ಮೂಳೆಗಳನ್ನು ಎಸೆದು ನೋಡಿ ಹೇಳಿದ್ದು ಇಷ್ಟೇ: ಹಾವು ಕರೆದವನನ್ನು ಉಟ್ಟ ಬಟ್ಟೆ ಹೊದ್ದ ಕಂಬಳಿ ಸಮೇತ ಕರೆದುಕೊಳ್ಳುತ್ತದೆ. ಮುಳುಗಿ ಸತ್ತವನ ಕಂಬಳಿಯಾದರೆ ಮೈ ಬಿಟ್ಟು ತಳ ಸೇರುತ್ತದೆ. ಚಳಿಗಾಲದಲ್ಲಿ ನೀರು ತಿಳಿಯಾದಾಗ ನೋಡಿ. ಹೋದ ಚಳಿಗಾಲದಲ್ಲಾಗಿದ್ದರೆ ಹಿಮ ಎದೆಮಟ್ಟ ಬಿದ್ದಿತ್ತು, ಮೇಲೆ ಹೋಗಲು ಆಗುತ್ತಿರಲಿಲ್ಲ. ಈ ವರ್ಷ ಆಕಾಶ ಒಣಗಿದೆ. ಚಿಕ್ಕಪ್ಪ ಬಂದವರು ಎಲ್ಲವನ್ನೂ ನೋಡಿ, "ಒಂದು ಮನೇಲಿ ಬದುಕಿರೋರು ಇರ್ಬೇಕು, ಇಲ್ಲ ಸತ್ತೋರು ಇರ್ಬೇಕು. ಇದ್ಯಾವ ಸೀಮೆ ಮನೆ?" ಎಂದರು. ಕಂಬಳಿ ಇದ್ದರೆ ಮಾಮೊಯೆತಿಯ ತಲೆ ಬೋಳಿಸಿ ಸೂತಕದ ಬಟ್ಟೆ ಹಾಕುವುದು, ಇಲ್ಲದಿದ್ದರೆ ಕಾಯುವುದು, ಎರಡರಲ್ಲಿ ಒಂದು ಎಂದು ತೀರ್ಮಾನವಾಯಿತು. ನೋಡಿ ಬರುವವರು ಯಾರು? ಅವ್ವ ಹೋಗುವಂತಿಲ್ಲ, ಮಡುವಿನ ದಡದಲ್ಲಿ ಅವಳ ಕಣ್ಣು ತಡೆಯುವುದಿಲ್ಲ. ಊರಿನ ಗಂಡಸರು ಮಡುವಿನೊಳಕ್ಕೆ ದೃಷ್ಟಿಯಿಟ್ಟು ನೋಡುವುದಿಲ್ಲ. ಹಾವಿನ ಕಣ್ಣಿಗೆ ಕಣ್ಣು ಸೇರಿದರೆ ಅದು ಎಳೆದುಕೊಳ್ಳುತ್ತದೆ. ಕ್ಯಾಮೆರಾದ ಗಾಜಿನ ಮೂಲಕ ನೋಡಿದರೆ ಅದಕ್ಕೆ ಸಿಗುವುದು ಗಾಜಿನ ಕಣ್ಣು, ನಮ್ಮದಲ್ಲ ಎಂದು ಯಾರೋ ಉಪಾಯ ಹೇಳಿದರು. ಪೇಟೆಯಲ್ಲಿ ಗುರುತಿನ ಚೀಟಿಗೂ ಮದುವೆಗೂ ಮಣ್ಣಿಗೂ ಫೋಟೋ ತೆಗೆಯುವ ನಾಯಿಬಾಲ ಹೀಗೆ ನೀರಿನ ಫೋಟೋ ತೆಗೆಯಲು ಹೊರಟಳು.

ಕುದುರೆ ಸಾಕುವ ಮೊಹಾಪಿಯನ್ನು ಕರೆದುಕೊಂಡು ಹೋದದ್ದು ನಿನಗೆ ಗೊತ್ತು. ನಮ್ಮ ಬೇಲಿ ದಾಟುವ ಮುಂಚೆಯೇ ಅವನ ಬಾಯಿ ಶುರುವಾಯಿತು. "ನೀರಿಗೆ ಹೆಂಗೆ ಹೇಳ್ತೀಯ, ಗದ್ದ ಮೇಲೆತ್ತು, ನಗು ಅಂತ? ನೀರು ದುಡ್ಡೂ ಕೊಡಲ್ಲ, ಚೆನ್ನಾಗಿ ಬಂದಿಲ್ಲ ಇನ್ನೊಂದು ತೆಗಿ ಅಂತ ಜಗಳಾನೂ ಆಡಲ್ಲ. ಇಂಥಾ ಗಿರಾಕಿ ಕಟ್ಕೊಂಡು ನೀನು ಉದ್ಧಾರ ಆದಂಗೇ." ಕ್ಯಾಮೆರಾದ ಬ್ಯಾಟರಿ ಚಳಿಗೆ ಸಾಯುತ್ತದೆ ಎಂದು ನಾನು ಅದನ್ನು ಕಂಕುಳಲ್ಲಿ ಒತ್ತಿಕೊಂಡಿದ್ದೆ. ಅದಕ್ಕೂ ಅವನಿಗೆ ನಗು. ಮದುವೆಯಾಗು ಎಂದರೆ ಆಗಲಿಲ್ಲ, ಈಗ ಕಬ್ಬಿಣದ ಮೊಟ್ಟೆಗೆ ಕಾವು ಕೊಡುತ್ತಿದ್ದೀಯಲ್ಲ ಎಂದ. ಅವನು ಮಾತಾಡಲಿ ಎಂದು ಬಿಟ್ಟುಕೊಟ್ಟೆ. ಸುಮ್ಮನಾದರೆ ನನ್ನ ತಲೆಯೊಳಗಿನದು ಮಾತಾಡುತ್ತಿತ್ತು.

ಮೇಲೆ ಹುಲ್ಲುಗಾವಲು ಖಾಲಿ. ಕಲ್ಲಿನ ಗುಡಿಸಲುಗಳ ಬಾಗಿಲಿಗೆ ಮುಳ್ಳು ಅಡ್ಡ ಹಾಕಿತ್ತು, ದನಗಳೆಲ್ಲ ಕೆಳಗೆ ಇಳಿದು ತಿಂಗಳುಗಳಾಗಿವೆ. ಜೌಗು ನೆಲ ಕಲ್ಲಾಗಿತ್ತು. ಕುದುರೆಗಳು ಜಾರಿ ಕಾಲು ಮುರಿದುಕೊಂಡಾವೆಂದು ಇಳಿದು ನಡೆದೆವು. ಗಾಳಿಗೆ ನನ್ನ ಕಣ್ಣಲ್ಲಿ ನೀರು ಬಂತು, ಅವ್ವ. ಗಾಬರಿಯಾಗಿ ನಿಂತು, ಇದು ಗಾಳಿಯ ನೀರು, ಅಳು ಅಲ್ಲ ಎಂದು ತೊರೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ. ಮೊಹಾಪಿ ನಗಲಿಲ್ಲ. ತನ್ನ ಕತ್ತಿನ ಬಟ್ಟೆ ಬಿಚ್ಚಿ ಕೊಟ್ಟು, "ಒರೆಸ್ಕೊ. ನಾನು ಸಾಕ್ಷಿ ಇದೀನಿ, ಗಾಳೀದೇ ಅದು," ಎಂದ.

ತೊರೆ ಬೇಸಿಗೆಯಲ್ಲಿ ನಾವು ಕಂಡ ತೊರೆಯ ಹಾಗೇ ಇರಲಿಲ್ಲ. ಕುರಿಯ ಸಾರು ಆರಿದಾಗ ಪಾತ್ರೆಯ ಅಂಚಿಗೆ ಕೊಬ್ಬು ಕಟ್ಟುತ್ತದಲ್ಲ, ಹಾಗೆ ಎರಡೂ ದಡದಿಂದ ಬಿಳಿ ಮಂಜುಗಡ್ಡೆ ಕಟ್ಟಿಕೊಂಡು ಬಂದು ನಡುವೆ ಸಣ್ಣ ಓಣಿಯಷ್ಟು ನೀರು ಉಳಿದಿತ್ತು. ಅದೂ ಅಲ್ಲಲ್ಲಿ ಮಂಜಿನಡಿಗೆ ನುಸುಳಿ ಮರೆಯಾಗುತ್ತಿತ್ತು. ಕಿವಿಗೊಟ್ಟರೆ ಮುಚ್ಚಿದ ಬಾಗಿಲ ಹಿಂದೆ ಹೆಂಗಸರು ಮಾತಾಡಿದಂಥ ಸದ್ದು. ಹುಲ್ಲಿನ ಒಂದೊಂದು ಎಸಳಿಗೂ ಗಾಜಿನ ಉಗುರು ಬೆಳೆದಿತ್ತು. ನಾನು ಮೊದಲು ತೆಗೆದ ಫೋಟೋಗಳೆಲ್ಲ ಅದರವೇ. ಯಾಕೆ ತೆಗೆದೆ ಎಂದರೆ, ಮಡುವಿನ ಹತ್ತಿರ ಹೋಗುವುದು ತಡವಾಗಲಿ ಎಂದು. ಮೊಹಾಪಿಗೆ ಅದು ಗೊತ್ತಾಗಿರಬೇಕು. ಬಿಸಿಲು ಕಣಿವೆಯೊಳಗೆ ಇಳಿಯುವುದೇ ಮಧ್ಯಾಹ್ನ ಒಂದಿಷ್ಟು ಹೊತ್ತು, ಆಮೇಲೆ ಬೆಟ್ಟ ಅದನ್ನು ನುಂಗುತ್ತದೆ, ಹುಲ್ಲಿನ ಮದುವೆ ಫೋಟೋ ಸಾಕು ಎಂದ.

ಕರಿಮಡುವಿನ ಮೇಲೆ ಪೂರ್ತಿ ಮಂಜುಗಡ್ಡೆ ಹಾಸಿತ್ತು. ಒಬ್ಬರನ್ನು ಹೊರುವಷ್ಟು ಗಟ್ಟಿ, ಆದರೆ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು, ಒಳಗೆ ಏನೂ ಕಾಣದು. ಮೊಹಾಪಿ ಒಂದು ಚಿಟಿಕೆ ನಶ್ಯ ಎಸೆದು, ಮನೆಯ ಯಜಮಾನರೇ, ಕಳ್ಳರಲ್ಲ ನಾವು, ನೋಡಿಕೊಂಡು ಹೋಗುವವರು ಎಂದು ಅಪ್ಪಣೆ ಕೇಳಿದ. ಬಿಸಿನೀರು ಸುರಿದರೆ ಮೇಲಿನ ಬಿಳಿ ಕರಗಿ ಮಂಜು ಕಿಟಕಿಯ ಗಾಜಿನ ಹಾಗೆ ತಿಳಿಯಾಗುತ್ತದೆ. ನಾವು ಚಹಾಕ್ಕೆ ಕಾಯಿಸಿದ್ದ ನೀರನ್ನೆಲ್ಲ ಸುರಿದೆ. ಇಷ್ಟು ದೂರ ಬಂದರೂ ಚಹಾ ಕುಡಿಯುವ ಭಾಗ್ಯ ಮಡುವಿನ ಯಜಮಾನರದ್ದು, ತನ್ನದಲ್ಲ ಎಂದು ಮೊಹಾಪಿ ಗೊಣಗಿದ. ಆದರೂ ಆಕಾಶದ ಹೊಳಪು ನೀರಿನ ಮೇಲೆ ಕೂತು ನನ್ನದೇ ಮುಖ ಕಾಣುತ್ತಿತ್ತು. ಅದಕ್ಕೆ ಮೊಹಾಪಿಗೆ ಅವನ ದಪ್ಪ ಕಂಬಳಿಯನ್ನು ನನ್ನ ತಲೆಯ ಮೇಲೆ ಗುಡಾರದ ಹಾಗೆ ಎತ್ತಿ ಹಿಡಿಯಲು ಹೇಳಿದೆ. ಅವನು ಮುಖ ಬೆಟ್ಟದ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಹಿಂದಕ್ಕೆ ಕೈ ಚಾಚಿ ಹಿಡಿದ. ಮಡುವಿನ ಕಡೆ ಮನಸ್ಸೂ ಹೋಗಬಾರದೆಂದು ತನ್ನ ಕುದುರೆಯ ಹೊಗಳಿಕೆಯನ್ನು ಹಾಡತೊಡಗಿದ. ಅದರ ಅಜ್ಜಿ ಯಾರು, ಅದು ಯಾವ ಪಂದ್ಯದಲ್ಲಿ ಯಾರ ಮೂಗು ಕೊಯ್ದಿತು, ಎಲ್ಲ. ಆ ಹಾಡಿನ ಕೆಳಗೆ, ಕಂಬಳಿಯ ಕತ್ತಲೆಯಲ್ಲಿ, ನಾನು ಮಂಜಿನ ಮೇಲೆ ಬೋರಲು ಮಲಗಿ ಕ್ಯಾಮೆರಾಕ್ಕೆ ಕಣ್ಣಿಟ್ಟೆ.

ಮೊದಲು ಗಾಳಿಗುಳ್ಳೆಗಳು ಕಂಡವು, ಮಂಜಿನೊಳಗೆ ಸಿಕ್ಕಿಬಿದ್ದ ಬಿಳಿ ಮಣಿಗಳ ಹಾಗೆ. ಅವುಗಳ ಕೆಳಗೆ ಹಸಿರು. ಅದರ ಕೆಳಗೆ ತಳ. ಇಡೀ ತಳ ಕಾಣುತ್ತಿತ್ತು ಅವ್ವ, ನಮ್ಮ ಮನೆಯ ನೆಲದ ಹಾಗೆ. ಉರುಟು ಕಲ್ಲುಗಳು, ಒಂದು ಕುರಿಯ ತಲೆಬುರುಡೆ, ಕೊಳೆತ ಹುಲ್ಲು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಮಾಮೊಯೆತಿ, ಇಲ್ಲಿ ಉಸಿರು ನಿಲ್ಲಿಸಬೇಡ, ಮುಂದಕ್ಕೆ ಓದು. ಕಂಬಳಿ ಅಲ್ಲಿದೆ.

ಫೋಟೋ ನೋಡಿ. ಎಡಗಡೆ ಮೂಲೆಯಲ್ಲಿ, ದೊಡ್ಡ ಬಂಡೆಯ ಬುಡದಲ್ಲಿ, ಕಂದು ಬಣ್ಣದ್ದು ಮಡಿಕೆ ಮಡಿಕೆಯಾಗಿ ಕಾಣುತ್ತದಲ್ಲ, ಅದೇ. ಜೋಳದ ತೆನೆಯ ಚಿತ್ತಾರ ಕಾಣುವುದಿಲ್ಲ. ಅಷ್ಟು ಕಾಲ ನೀರಿನಲ್ಲಿದ್ದದ್ದು, ಬಣ್ಣ ಹೋಗಿದೆ, ಪಾಚಿ ಹಿಡಿದಿದೆ. ಅಂಚು ಬಂಡೆಯ ಅಡಿಗೆ ಸಿಕ್ಕಿಕೊಂಡಿದೆ. ಹೊರಗೆ ತೆಗೆಯಲು ನೋಡಿದೆ, ಆಳ ಹೆಚ್ಚು, ಕೋಲು ಎಟುಕಲಿಲ್ಲ. ಚಿಕ್ಕಪ್ಪ, ತೆಗೆಸಲು ಯಾರನ್ನೂ ಕಳಿಸಬೇಡಿ. ಮಡುವಿಗೆ ಹೋದದ್ದನ್ನು ಮಡುವಿನಿಂದ ಕಿತ್ತುಕೊಳ್ಳಬಾರದು ಎಂದು ಮೊಹಾಪಿಯೂ ಹೇಳಿದ. ಅವನನ್ನು ಕೇಳಿದರೆ ಅವನು ನೋಡಲಿಲ್ಲ ಎನ್ನುತ್ತಾನೆ, ಅದು ನಿಜ. ನೋಡಿದವಳು ನಾನೊಬ್ಬಳೇ. ನನ್ನ ಮಾತು ಸಾಕಲ್ಲವೇ?

ಅವ್ವ, ನಿನ್ನ ಮಗನನ್ನು ಯಾರೂ ಕರೆಯಲಿಲ್ಲ. ಕುದುರೆ ಆಚೆ ದಡದಲ್ಲಿದೆ ಎಂದುಕೊಂಡು, ಟೋಪಿ ನೆನೆಯದಿರಲಿ ಎಂದು ತೆಗೆದಿಟ್ಟು, ದಾಟಲು ಹೋದ. ಮದುವೆಗೆಂದು ನೀನು ಕೊಂಡುಕೊಟ್ಟ ಟೋಪಿ ಅದು, ಅದರ ಮೇಲೆ ಅವನಿಗೆ ಎಷ್ಟು ಅಕ್ಕರೆ ಎಂದು ನಿನಗೇ ಗೊತ್ತು. ನೆರೆ ಬಂತು, ಹೋದ. ಅಷ್ಟೇ ನಡೆದದ್ದು. ಇಷ್ಟು ಕಾಲ ನೀನು ಒಂದು ಹನಿಯನ್ನೂ ಬೀಳಿಸದೆ ಅವನನ್ನು ಕಾಪಾಡಿದೆ. ಯಾವ ತಾಯಿಯೂ ಇದಕ್ಕಿಂತ ಹೆಚ್ಚು ಮಾಡಲಾರಳು. ಇನ್ನು ಸಾಕು. ಟೋಪಿಯನ್ನೂ ಕೋಲನ್ನೂ ದೊಡ್ಡಿಯ ಪಕ್ಕದಲ್ಲಿ, ಅಪ್ಪನ ಮಗ್ಗುಲಲ್ಲಿ ಹೂಳಲಿ. ಚಿಕ್ಕಪ್ಪ ಒಂದು ಕುರಿ ಕಡಿಯಲಿ. ಮಾಮೊಯೆತಿಗೆ ಸೂತಕದ ಬಟ್ಟೆ ಹಾಕಲಿ, ದಿನ ಬಂದಾಗ ಅದನ್ನು ತೆಗೆಯಲಿ, ತೆಗೆದ ಮೇಲೆ ಅವಳು ತನ್ನ ಅಪ್ಪನ ಗೋರಿಗೆ ಹೋಗಿ ಬರಲಿ. ಅಲ್ಲಿ ಎಷ್ಟು ದಿನ ಇರಬೇಕೆನಿಸುತ್ತದೋ ಅಷ್ಟು ದಿನ ಇರಲಿ, ವಾಪಸ್ಸು ಬರುವುದೂ ಬಿಡುವುದೂ ಅವಳ ಇಷ್ಟಕ್ಕೆ ಬಿಡಿ. ಒಲೆಯನ್ನು ಒಳಗೆ ತನ್ನಿ. ಮತ್ತೆ ಅವ್ವ, ನಿನಗೆ ಅಳು ಬಂದರೆ ಅಳು. ನಾನೂ ಇಲ್ಲಿ ಅಳುತ್ತೇನೆ.

ನಿನ್ನ ಪ್ರೀತಿಯ ಮಗಳು,
ನಾಯಿಬಾಲ
ಮೊಸೆಲಾಂಚ

ವಿ. ಸೂ.: ಇದು ನಿನಗೆ, ಮಾಮೊಯೆತಿ, ನಿನಗೊಬ್ಬಳಿಗೇ. ಯಾವ ಪತ್ರವನ್ನೂ ದೊಡ್ಡಿಯ ಹಿಂದೆ ನಿಂತು ಒಬ್ಬಳೇ ಒಮ್ಮೆ ಓದದೆ ನೀನು ಅತ್ತೆಯ ಮುಂದೆ ಬಿಚ್ಚುವವಳಲ್ಲ ಎಂದು ನಂಬಿ ಈ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಫೋಟೋದಲ್ಲಿರುವುದು ಬಂಡೆ. ಅವನ ಕಂಬಳಿಗೆ ತೇಪೆ ಹಾಕಿದವಳು ನೀನು, ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ. ನಿನ್ನ ಹತ್ತಿರ ಮುಚ್ಚಿಟ್ಟು ಪ್ರಯೋಜನವಿಲ್ಲ. ಮಂಜು ಒಡೆದು ಕೋಲು ಇಳಿಸಿದೆ, ಅದು ಎಟುಕಿತು, ತುದಿ ಕಲ್ಲಿಗೆ ಬಡಿದ ಪೆಟ್ಟು ಮೊಣಕೈವರೆಗೂ ಬಂತು. ಕಂಬಳಿ ಅಲ್ಲಿಲ್ಲ. ಇಲ್ಲವೆಂದು ತಿಳಿದಾಗ ನಾನು ಮಂಜಿನ ಮೇಲೆ ಮಲಗಿಕೊಂಡೇ ನಕ್ಕೆ, ತಂಗಿ. ಬದುಕಿದ್ದಾನೆ ಎಂದು ಕೂಗಬೇಕೆನಿಸಿತು. ಪೇಟೆಯಲ್ಲಿ ಕ್ಯಾಮೆರಾ ಹಿಡಿದು ಬದುಕುವ ನನ್ನೊಳಗೂ ಅವ್ವನೇ ಕೂತಿದ್ದಾಳೆ ಎಂದು ಆಗ ಗೊತ್ತಾಯಿತು. ತಲೆಯ ಮೇಲಿನ ಕಂಬಳಿಯೊಳಗಿಂದ ಹೊರಗೆ ಬಂದಾಗ ಏನಾದರೂ ಕಂಡಿತಾ ಎಂದು ಮೊಹಾಪಿ ಕೇಳಿದ. ನಾನು ಕ್ಯಾಮೆರಾವನ್ನು ಮತ್ತೆ ಕಂಕುಳಿಗೆ ಸೇರಿಸಿದೆ. ನನಗೆ ಮೊಯೆತಿಯ ನೆನಪು ಬಂದಿತ್ತು.

ನಾನು ಹೊರಟ ಬೆಳಿಗ್ಗೆ ನೀನು ನೀರಿಗೆ ಹೋಗಿದ್ದೆ. ಮಗು ಹೊಸ್ತಿಲಿಗೆ ಎಡವಿ ಬಿತ್ತು. ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಅದು ಅಳಲಿಲ್ಲ. ಬಾಯಿ ಅಗಲಿಸಿತು, ಅಜ್ಜಿಯ ಮುಖ ನೋಡಿತು, ಬಾಯಿ ಮುಚ್ಚಿ ನುಂಗಿಕೊಂಡಿತು. ಇನ್ನೂ ನಾಲ್ಕು ಮಾತು ಬಾರದ ಮಗು. ಅವ್ವ ಅದರ ತಲೆ ಸವರಿ, "ನನ್ನ ಜಾಣ," ಎಂದಳು.

ಅಂಥ ನೆರೆ ಎತ್ತಿನ ಗಾತ್ರದ ಬಂಡೆಗಳನ್ನು ಉರುಳಿಸುತ್ತದೆ, ಒಂದು ಕಂಬಳಿಯನ್ನು ಎರಡು ಮಳೆಗಾಲ ಹಾಗೇ ಇಟ್ಟೀತೇ? ಕಂಬಳಿ ಇದ್ದಿದ್ದರೆ ಒಂದು ಉತ್ತರ ಸಿಗುತ್ತಿತ್ತು, ಇಲ್ಲದ್ದರಿಂದ ಯಾವ ಉತ್ತರವೂ ಸಿಗಲಿಲ್ಲ. ಆದರೆ ಇಲ್ಲ ಎಂದು ನಾನು ಬರೆದರೆ ಆ ಮನೆ ಇನ್ನೊಂದು ಚಳಿಗಾಲ ಕಾಯುತ್ತದೆ, ಅದರ ಮುಂದಿನದಕ್ಕೂ. ಅವ್ವನ ಕೆಮ್ಮು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಇದೆ ಎಂದು ಬರೆದೆ.

ಹಿರಿಯರ ಮಾತೇ ನಿಜವಾಗಿದ್ದು ಅವನು ಆ ನೀರಿನ ಕೆಳಗೆ ಎಲ್ಲೋ ಕೂತು ಬೇರುಗಳ ಹೆಸರು ಕಲಿಯುತ್ತಿದ್ದರೆ, ನೀನು ಈ ಪತ್ರವನ್ನು ಅವ್ವನಿಗೆ ಓದಿ ಅವಳು ಅತ್ತ ಗಳಿಗೆಯಲ್ಲಿ ಅವನು ಸಾಯುತ್ತಾನೆ. ಕೊಂದವಳು ನಾನು. ಅದನ್ನು ನಾನು ಹೊರುತ್ತೇನೆ, ಎಷ್ಟು ಭಾರವಿದೆ ಎಂದು ಇನ್ನೂ ಗೊತ್ತಿಲ್ಲ. ಆದರೆ ಅವನು ನನಗೆ ತಮ್ಮನಷ್ಟೇ, ನಿನಗೆ ಗಂಡ. ನಿನಗೆ ಅವನು ಬೇಕೋ, ಇದೆಲ್ಲ ಮುಗಿಯುವುದು ಬೇಕೋ ಎಂದು ನಾನಾಗಲಿ, ಅವ್ವನಾಗಲಿ, ಚಿಕ್ಕಪ್ಪನಾಗಲಿ ಒಂದು ಸಲವೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಕಾಯುತ್ತೇನೆ ಎನ್ನುವುದಾದರೆ ಎಲ್ಲವನ್ನೂ ಒಲೆಗೆ ಹಾಕು. ಚಳಿಗೆ ಕ್ಯಾಮೆರಾ ಕೆಟ್ಟುಹೋಯಿತಂತೆ, ಸಕ್ಕರೆ ಮಾತ್ರ ಕಳಿಸಿದ್ದಾಳೆ ಎಂದು ಹೇಳು. ನಾನು ಹೌದು ಎನ್ನುತ್ತೇನೆ. ಇಲ್ಲವಾದರೆ ಈ ಹಾಳೆಯೊಂದನ್ನು ಸುಟ್ಟು, ಉಳಿದದ್ದನ್ನು ಓದು. ಅವ್ವ ಅಳತೊಡಗಿದರೆ ತಡೆಯಬೇಡ, ಮಗುವನ್ನು ಅವಳ ಹತ್ತಿರ ಬಿಡು.

ಯಾವುದನ್ನು ಮಾಡಿದೆ ಎಂದು ನನಗೆ ಬರೆಯಬೇಡ, ಬಸ್ಸಿನವನ ಕೈಯಲ್ಲಿ ಹೇಳಿಯೂ ಕಳಿಸಬೇಡ. ಬರುವ ತಿಂಗಳು ಊರಿಗೆ ಬರುತ್ತೇನೆ. ನೀನು ಬಾಗಿಲಿಗೆ ಬಾ, ತಲೆಯ ಬಟ್ಟೆ ಸರಿಸು. ಕೂದಲು ಇದೆಯೋ ಬೋಳಿಸಿದೆಯೋ ನೋಡಿ ತಿಳಿದುಕೊಳ್ಳುತ್ತೇನೆ.